ಪುಣೆ–ಬಾಗ್ಡೋಗ್ರಾ: ಎಕ್ಸೆಲ್‌ನಲ್ಲಿ ದೂರವೂ ತಾಳೆಯಾಗುತ್ತಿಲ್ಲ, ಹಾರಾಟದ ಅವಧಿಯೂ ತಾಳೆಯಾಗುತ್ತಿಲ್ಲ

ಕೊಥ್ರೂಡ್ ಪ್ರವಾಸಿ:
ನಮಸ್ಕಾರ. ಪುಣೆಯ ನಮ್ಮ ಕನ್ನಡ ಬಳಗದವರು ಡಿಸೆಂಬರಿನಲ್ಲಿ ಡಾರ್ಜಿಲಿಂಗಿಗೆ ಹೊರಟಿದ್ದು, ಪ್ರಯಾಣದ ಲೆಕ್ಕ ಹಾಕುವ ಹೊಣೆ ನನ್ನದಾಗಿದೆ. ಪುಣೆಯ ಲೋಹಗಾಂವ್ ವಿಮಾನ ನಿಲ್ದಾಣದ ಅಕ್ಷಾಂಶ 18.58, ರೇಖಾಂಶ 73.92, ಡಾರ್ಜಿಲಿಂಗಿಗೆ ಹೋಗುವವರು ಇಳಿಯುವ ಬಾಗ್ಡೋಗ್ರಾ ನಿಲ್ದಾಣದ್ದು 26.68 ಮತ್ತು 88.33. ಎರಡೂ ವ್ಯತ್ಯಾಸಗಳನ್ನು 111.2ರಿಂದ ಗುಣಿಸಿ ಪೈಥಾಗೊರಸ್ ಸೂತ್ರ ಹಾಕಿದರೆ 1,838 ಕಿ.ಮೀ. ಬರುತ್ತದೆ, ನಕ್ಷೆಯಲ್ಲಿ ಅಳೆದರೆ ಸುಮಾರು 1,730. ಈ ಅಂತರಕ್ಕೆ ಕಾರಣವೇನು? ಗಂಟೆಗೆ 830 ಕಿ.ಮೀ. ವೇಗದಲ್ಲಿ 2 ಗಂಟೆ 5 ನಿಮಿಷ ಸಾಕಾಗಬೇಕು. ಆದರೆ ಇಷ್ಟು ದೂರದ ಹಾರಾಟಗಳಿಗೆ ವೇಳಾಪಟ್ಟಿಯಲ್ಲಿ ಎರಡೂವರೆ ಗಂಟೆಗೂ ಹೆಚ್ಚು ತೋರಿಸುತ್ತಾರಲ್ಲ?

ಚಿಂಚವಡದ ಲೆಕ್ಕಿಗ:
ಅಕ್ಷಾಂಶದ ಒಂದು ಡಿಗ್ರಿ ಎಲ್ಲಿ ಅಳೆದರೂ ಹೆಚ್ಚುಕಡಿಮೆ 111 ಕಿ.ಮೀ. ಇರುತ್ತದೆ, ರೇಖಾಂಶದ್ದು ಹಾಗಲ್ಲ. ರೇಖಾಂಶಗಳೆಲ್ಲ ಧ್ರುವದಲ್ಲಿ ಕೂಡುವುದರಿಂದ ಉತ್ತರಕ್ಕೆ ಹೋದಂತೆ ಅವುಗಳ ನಡುವಿನ ಅಂತರ ಕಿರಿದಾಗುತ್ತದೆ: ಪುಣೆಯಲ್ಲಿ ಒಂದು ಡಿಗ್ರಿಗೆ ಸುಮಾರು 105 ಕಿ.ಮೀ., ಬಾಗ್ಡೋಗ್ರಾದಲ್ಲಿ 99. ಆದ್ದರಿಂದ ರೇಖಾಂಶದ ವ್ಯತ್ಯಾಸವನ್ನು ನಡುವಿನ ಅಕ್ಷಾಂಶದ, ಎಂದರೆ 22.63 ಡಿಗ್ರಿಯ, ಕೊಸೈನಿನಿಂದಲೂ ಗುಣಿಸಿ. ಉತ್ತರ 1,732ಕ್ಕೆ ಇಳಿಯುತ್ತದೆ. ಭೂಮಿಯ ತ್ರಿಜ್ಯ 6,371 ಕಿ.ಮೀ. ಹಿಡಿದು, ಗೋಳದ ಮೇಲಿನ ದೂರವನ್ನು ಕೊಡುವ ಹ್ಯಾವರ್‌ಸೈನ್ ಸೂತ್ರ ಬಳಸಿದರೆ 1,730ಕ್ಕೇ ಬಂದು ನಿಲ್ಲುತ್ತದೆ.

ಇಲ್ಲೊಂದು ಗುಂಡಿಯಿದೆ, ಬಹಳ ಜನ ಬೀಳುತ್ತಾರೆ. ಎಕ್ಸೆಲ್‌ನ ಕಾಸ್ ಫಂಕ್ಷನ್‌ಗೆ ಡಿಗ್ರಿ ಅರ್ಥವಾಗುವುದಿಲ್ಲ, ರೇಡಿಯನ್ (ಕೋನ ಅಳೆಯುವ ಇನ್ನೊಂದು ಮಾನ) ಬೇಕು. 22.63ನ್ನು ಹಾಗೆಯೇ ಕೊಟ್ಟರೆ ಋಣ 0.803 ಬರುತ್ತದೆ, ಮುಂದೆ ವರ್ಗ ಮಾಡುವಾಗ ಋಣಚಿಹ್ನೆ ಅಳಿಸಿಹೋಗಿ, ಸುಮಾರು 1,570 ಕಿ.ಮೀ. ಎಂಬ ನಂಬುವಂತಹ ತಪ್ಪು ಉತ್ತರ ಸಿಗುತ್ತದೆ. ಮೊದಲು ರೇಡಿಯನ್ಸ್ ಫಂಕ್ಷನ್ನಿನೊಳಗೆ ಹಾಕಿ.

ವೇಳಾಪಟ್ಟಿಯಲ್ಲಿರುವುದು ಬ್ಲಾಕ್ ಟೈಮ್. ವಿಮಾನ ನಿಂತ ಜಾಗದಿಂದ ಕದಲಿದ ಕ್ಷಣದಿಂದ ಇನ್ನೊಂದು ನಿಲ್ದಾಣದಲ್ಲಿ ಪೂರ್ತಿ ನಿಲ್ಲುವವರೆಗಿನ ಅವಧಿ ಅದು. ಟ್ಯಾಕ್ಸಿಯಿಂಗ್ (ನೆಲದ ಮೇಲಿನ ವಿಮಾನದ ಓಡಾಟ), ನಿಧಾನದ ಏರಿಕೆ ಮತ್ತು ಇಳಿಕೆ, ವಾಯುಮಾರ್ಗದ ಬಳಸುದಾರಿ ಎಲ್ಲವೂ ಅದರಲ್ಲಿ ಸೇರಿರುತ್ತವೆ. ನನ್ನ ಅಂದಾಜಿನಲ್ಲಿ ಲೆಕ್ಕದ ಸಮಯಕ್ಕೆ ಅರ್ಧ ಗಂಟೆ ಸೇರಿಸಿಕೊಳ್ಳುವುದು ಕ್ಷೇಮ. ಚಳಿಗಾಲದಲ್ಲಿ ಉತ್ತರ ಭಾರತದ ಮೇಲೆ, ವಿಮಾನ ಹಾರುವ ಎತ್ತರದಲ್ಲಿ, ಪಶ್ಚಿಮದ ಗಾಳಿ ಬಲವಾಗಿರುತ್ತದೆ. ದಾರಿಯುದ್ದಕ್ಕೂ ಅದರ ನೆರವು ಗಂಟೆಗೆ 60 ಕಿ.ಮೀ. ಎಂದುಕೊಂಡರೆ ಹೋಗುವಾಗ 1 ಗಂಟೆ 57 ನಿಮಿಷ, ಬರುವಾಗ 2 ಗಂಟೆ 15 ನಿಮಿಷ.

ಕೊಥ್ರೂಡ್ ಪ್ರವಾಸಿ:
ಧನ್ಯವಾದಗಳು, ಈಗ 1,732 ಬಂತು. ಮಧ್ಯಾಹ್ನ ಎರಡಕ್ಕೆ ಇಳಿಯುವ ವಿಮಾನ ಹಿಡಿದರೆ ಬೆಳಕಿರುವಾಗಲೇ ಡಾರ್ಜಿಲಿಂಗ್ ತಲುಪಬಹುದೇ? ಗುಂಪಿನಲ್ಲಿ ವಯಸ್ಸಾದವರಿದ್ದಾರೆ.

ಚಿಂಚವಡದ ಲೆಕ್ಕಿಗ:
ಕಷ್ಟ. ಗಡಿಯಾರ ಎರಡೂ ಕಡೆ ಒಂದೇ, ಸೂರ್ಯ ಮಾತ್ರ ಒಂದೇ ಅಲ್ಲ. ಪ್ರತಿ ಡಿಗ್ರಿ ರೇಖಾಂಶಕ್ಕೆ 4 ನಿಮಿಷದಂತೆ 14.41 ಡಿಗ್ರಿಗೆ ಸುಮಾರು 58 ನಿಮಿಷ ಮೊದಲೇ ಅಲ್ಲಿ ಹೊತ್ತು ಮುಳುಗುತ್ತದೆ; ಉತ್ತರಕ್ಕಿರುವುದರಿಂದ ಡಿಸೆಂಬರಿನಲ್ಲಿ ಇನ್ನೂ ಬೇಗ, ಐದು ಗಂಟೆಗೆ ಮುಂಚೆಯೇ. ಬಾಗ್ಡೋಗ್ರಾದಿಂದ ಬೆಟ್ಟದ ರಸ್ತೆ ಸುಮಾರು 70 ಕಿ.ಮೀ.; ಮೂರು ಗಂಟೆಯಾದರೂ ಬೇಕು, ಸಾಮಾನು ಪಡೆದು ಹೊರಬರುವ ಹೊತ್ತು ಬೇರೆ. ಬೆಳಗಿನ ವಿಮಾನ ಸಿಗದಿದ್ದರೆ ಆ ರಾತ್ರಿ ಸಿಲಿಗುರಿಯಲ್ಲೇ ಉಳಿದು ಮರುದಿನ ಬೆಟ್ಟ ಹತ್ತಿ.