‘ದೂರಸಂಪರ್ಕ ಸುಧಾರಣೆ’: ಇಲ್ಲಿ ‘ಸುಧಾರಣೆ’ ಸರಿಹೊಂದುತ್ತದೆಯೇ?

ಎಲ್ಲರಿಗೂ ನಮಸ್ಕಾರ. ಶಿರಸಿ ಕಡೆಯ ಓದುಗರಿಗಾಗಿ ಫೋನು ಮತ್ತು ಹಳ್ಳಿಯ ವ್ಯಾಪಾರದ ಬಗ್ಗೆ ಒಂದು ಬರಹ ಬರೆಯುತ್ತಿದ್ದೇನೆ. ರಿಫಾರ್ಮ್‌ಗೆ ಪತ್ರಿಕೆಗಳು ಬಳಸುವ ‘ಸುಧಾರಣೆ’ ಪದ ನನ್ನನ್ನು ಕಾಡುತ್ತಿದೆ.

ಕರಡು ಓದಿದ ಅಡಿಕೆ ಬೆಳೆಗಾರರೊಬ್ಬರು, ‘ಸುಧಾರಣೆ ಆಯ್ತು ಅಂತ ಬರೆದಿದ್ದೀರಿ, ನಮ್ಮಲ್ಲಿ ಸಿಗ್ನಲ್ಲೇ ಇಲ್ಲವಲ್ಲ?’ ಎಂದು ಕೇಳಿದರು. ಕೇಳಿದ್ದು ಸರಿ. ಜ್ವರ ಬಿಟ್ಟವರು ಸುಧಾರಿಸಿಕೊಳ್ಳುತ್ತಾರೆ. ನಮ್ಮ ಮಾತಿನಲ್ಲಿ ಸುಧಾರಿಸುವುದು ಅಂದರೆ ಮೊದಲಿಗಿಂತ ಒಳ್ಳೆಯದಾಗುವುದು. ನಾನು ಹೇಳಹೊರಟಿದ್ದು ಸರ್ಕಾರ ನಿಯಮ ಬದಲಿಸಿದ ಸಂಗತಿ. 1994ರ ದೂರಸಂಪರ್ಕ ನೀತಿ ಖಾಸಗಿಯವರನ್ನು ಒಳಗೆ ಬಿಟ್ಟಿತು. 1997ರಲ್ಲಿ ಫೋನು ಕಂಪನಿಗಳ ಮೇಲೆ ನಿಗಾ ಇಡುವ ಪ್ರಾಧಿಕಾರ ಟ್ರಾಯ್ ಬಂತು. 1999ರಲ್ಲಿ ಭಾರೀ ಲೈಸೆನ್ಸ್ ಶುಲ್ಕದ ಬದಲು ಆದಾಯದಲ್ಲಿ ಪಾಲು ಕೊಡುವ ಪದ್ಧತಿ ಬಂತು. ಕರೆ ದರ ಇಳಿಯಲು ಇದೂ ಒಂದು ದೊಡ್ಡ ಕಾರಣ. 2003ರಿಂದ ಒಳಬರುವ ಕರೆಗೆ ದುಡ್ಡು ಕೊಡುವುದು ತಪ್ಪಿತು.

ಇದರಿಂದ ಏನಾಯಿತು ಅನ್ನುವುದು ಬೇರೆ ಮಾತು. ಕೇರಳದ ಕಡಲತೀರಕ್ಕೆ 1997ರಿಂದ 2001ರ ನಡುವೆ ಮೊಬೈಲ್ ಬಂದದ್ದನ್ನು ಅರ್ಥಶಾಸ್ತ್ರಜ್ಞ ರಾಬರ್ಟ್ ಜೆನ್ಸನ್ ಅಧ್ಯಯನ ಮಾಡಿದ್ದಾರೆ. ದೋಣಿಯವರು ಸಮುದ್ರದಿಂದಲೇ ದರ ವಿಚಾರಿಸಿ, ಯಾವ ಪೇಟೆಗೆ ಹೋಗುವುದು ಅಂತ ತೀರ್ಮಾನಿಸತೊಡಗಿದರು. ಕೊಳ್ಳುವವರಿಲ್ಲದೆ ಮೀನು ಚೆಲ್ಲುವುದು ನಿಂತಿತು. ಮೀನುಗಾರರ ಲಾಭ ಸರಾಸರಿ ಶೇ. 8ರಷ್ಟು ಏರಿತು, ಗಿರಾಕಿಗೆ ಬೆಲೆ ಶೇ. 4ರಷ್ಟು ಇಳಿಯಿತು. ಬಾಂಗಡೆ ತುಂಬಿಕೊಂಡು ಬರುವಾಗ ನಮ್ಮ ಕರಾವಳಿಯ ಬೈತಖೋಲ ಬಂದರಿನಲ್ಲಿ ದರ ಎಷ್ಟು, ತದಡಿಯಲ್ಲಿ ಎಷ್ಟು ಅಂತ ಕೇಳಬಲ್ಲವರಿಗೆ ಇದರ ಮಹತ್ವ ಬಿಡಿಸಿ ಹೇಳಬೇಕಿಲ್ಲ. ಇದನ್ನು ಸುಧಾರಣೆ ಅನ್ನೋಣ. ಆದರೆ ಘಟ್ಟದ ಒಳಗಿನ ಕೇರಿಯಲ್ಲಿ ಅಡಿಕೆ ದರ ಕೇಳಲು ಇವತ್ತೂ ಗುಡ್ಡ ಹತ್ತಬೇಕು. ನಾಲ್ಕು ಮನೆಗಾಗಿ ಟವರ್ ಹಾಕಿದರೆ ಕಂಪನಿಗೆ ಗಿಟ್ಟುವುದಿಲ್ಲ. ನಿಯಮ ಎರಡೂ ಕಡೆ ಬದಲಾಗಿದೆ, ಫಲ ಒಂದೇ ಕಡೆ. ‘ಸುಧಾರಣೆ’ ಅಂದರೆ ಫಲವನ್ನು ಮೊದಲೇ ಒಪ್ಪಿಕೊಂಡಂತೆ ಅಲ್ವಾ?

‘ಉದಾರೀಕರಣ’ ಬಾಗಿಲು ತೆರೆದದ್ದನ್ನಷ್ಟೇ ಹೇಳುತ್ತದೆ, ಟ್ರಾಯ್‌ನಂಥ ಕಾವಲನ್ನು ಹೇಳುವುದಿಲ್ಲ. ‘ಪುನಾರಚನೆ’ ಜಾಸ್ತಿ ಭಾರ. ಸದ್ಯಕ್ಕೆ ‘ನಿಯಮ ಬದಲಾವಣೆ’ ಎಂದು ಬರೆದಿದ್ದೇನೆ. ಅರ್ಥ ಸ್ಪಷ್ಟ, ಆದರೆ ಇಷ್ಟು ದೊಡ್ಡ ಸಂಗತಿಗೆ ಸಣ್ಣದಾಯಿತು ಅನಿಸುತ್ತದೆ.

ಇನ್ನೊಂದು ಕಡೆ ‘ಭೂಸುಧಾರಣೆ’ ಇದೆ. 1974ರ ಕಾಯಿದೆಯಿಂದ ಗೇಣಿದಾರರಿಗೆ ಭೂಮಿ ಸಿಕ್ಕಿದ ನಮ್ಮ ಜಿಲ್ಲೆಯಲ್ಲಿ ಆ ಪದಕ್ಕೆ ವಿವರಣೆ ಬೇಕಿಲ್ಲ. ಅದರ ಬಲದಲ್ಲಿ ‘ದೂರಸಂಪರ್ಕ ಸುಧಾರಣೆ’ಯನ್ನೇ ಉಳಿಸಿಕೊಳ್ಳಬಹುದೇ? ಕಾರವಾರ, ಅಂಕೋಲಾ ಕಡೆಯವರು ಮಾತಿನಲ್ಲಿ ಇದಕ್ಕೆ ಏನನ್ನುತ್ತೀರಿ? ದಯವಿಟ್ಟು ತಿಳಿಸಿ.