ಮನೆಯಲ್ಲೇ ಕಟ್ಟುತ್ತಿರುವ ಆಫ್‌ರೋಡ್ ಬಗ್ಗಿಗೆ ಯಾವ ಸ್ಟಿಯರಿಂಗ್ ರ‍್ಯಾಕ್ ಹಾಕಲಿ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಎರಡು ಸೀಟಿನ ಬಗ್ಗಿ (ಒರಟು ನೆಲದಲ್ಲಿ ಓಡಿಸುವ ಹಗುರ ಗಾಡಿ) ಕಟ್ಟುತ್ತಿದ್ದೇನೆ. ಎಂಜಿನ್ ಹಿಂದೆ, ಡ್ರೈವ್ ಹಿಂದಿನ ಚಕ್ರಗಳಿಗೆ ಮಾತ್ರ. ಮುಂದೆ ಡಬಲ್ ವಿಶ್‌ಬೋನ್, ಅಂದರೆ ಪ್ರತಿ ಚಕ್ರಕ್ಕೆ ಮೇಲೊಂದು ಕೆಳಗೊಂದು ಆರ್ಮ್. ಚಕ್ರ ಮೇಲೆ ಕೆಳಗೆ ಒಟ್ಟು 250 ಮಿ.ಮೀ. ಆಡುತ್ತದೆ. ಚಾಸಿಯ ಬೆಸುಗೆ ಮುಗಿದಿದೆ, ಮುಂದಿನ ಆರ್ಮ್‌ಗಳ ಬ್ರಾಕೆಟ್ಟುಗಳನ್ನು ಸದ್ಯಕ್ಕೆ ಟ್ಯಾಕ್ (ತಾತ್ಕಾಲಿಕ ಚುಕ್ಕಿ ಬೆಸುಗೆ) ಮಾತ್ರ ಮಾಡಿದ್ದೇನೆ.

ಕೈಯಲ್ಲಿ ಎರಡು ರ‍್ಯಾಕ್ (ಸ್ಟಿಯರಿಂಗ್ ತಿರುಗಿಸಿದಾಗ ಅಡ್ಡಕ್ಕೆ ಓಡಿ ಚಕ್ರಗಳನ್ನು ತಿರುಗಿಸುವ ಹಲ್ಲಿನ ಬಾರ್) ಇವೆ. ಒಂದು ಸಣ್ಣ ಹ್ಯಾಚ್‌ಬ್ಯಾಕ್ ಕಾರಿನದು, ಗುಜರಿಯಿಂದ ತಂದದ್ದು. ಒಳಗಿನ ಬಾಲ್ ಜಾಯಿಂಟ್‌ಗಳ ನಡುವೆ 610 ಮಿ.ಮೀ., ರ‍್ಯಾಕಿನ ಓಟ 140 ಮಿ.ಮೀ., ಈ ತುದಿಯಿಂದ ಆ ತುದಿಗೆ ಸ್ಟಿಯರಿಂಗ್ ಚಕ್ರದ ಮೂರೂವರೆ ಸುತ್ತು. ಇನ್ನೊಂದು ಬಗ್ಗಿಗಳಿಗೆಂದೇ ಮಾಡಿದ ಚಿಕ್ಕ ರ‍್ಯಾಕ್. ತುದಿಯಿಂದ ತುದಿಗೆ 290 ಮಿ.ಮೀ., ಓಟ 105 ಮಿ.ಮೀ., ಒಂದೂವರೆ ಸುತ್ತು.

ಕಾರಿನದು ನೋಡಲು ಗಟ್ಟಿಯಾಗಿದೆ, ಹಗುರವಾಗಿ ತಿರುಗುತ್ತದೆ. ಆದರೆ ತುಂಬಾ ಅಗಲ. ಅದರ ಬಾರನ್ನು ಕತ್ತರಿಸಿ, ಗಿಡ್ಡ ಮಾಡಿ ಬೆಸುಗೆ ಹಾಕಿದರೆ ಆಗುತ್ತಾ? ನಕಲ್‌ನ (ಚಕ್ರವನ್ನು ಹೊತ್ತು ತಿರುಗುವ ಭಾಗದ) ಸ್ಟಿಯರಿಂಗ್ ಆರ್ಮ್ 95 ಮಿ.ಮೀ. ಉದ್ದ ಇದೆ, ಮುಂದಕ್ಕೆ ಚಾಚಿದೆ. ನನಗೆ ಸುಮಾರು 32 ಡಿಗ್ರಿ ತಿರುವು ಸಾಕು.

ಉತ್ತರ 1

ಮೊದಲು ಕತ್ತರಿಸುವ ಮಾತು. ದಯವಿಟ್ಟು ಬೇಡ. ರ‍್ಯಾಕಿನ ಬಾರ್ ಹಲ್ಲಿರುವ ಕಡೆ ಹದ ಕೊಟ್ಟು ಗಟ್ಟಿ ಮಾಡಿದ ಉಕ್ಕು. ಬೆಸುಗೆಯ ಬಿಸಿ ತಾಗಿದರೆ ಆ ಹದ ಹೋಗುತ್ತದೆ, ಪಕ್ಕದಲ್ಲೇ ಸಣ್ಣ ಬಿರುಕು ಹುಟ್ಟುತ್ತದೆ. ಹೊರಗಿನಿಂದ ಚೆನ್ನಾಗಿಯೇ ಕಾಣುತ್ತದೆ. ಕಲ್ಲಿಗೆ ಚಕ್ರ ಹೊಡೆದ ದಿನ ಮುರಿಯುತ್ತದೆ. ಬ್ರೇಕ್ ಹೋದರೆ ಗೇರ್ ಇಳಿಸಬಹುದು, ಸ್ಟಿಯರಿಂಗ್ ಹೋದರೆ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಈಗ ಆಯ್ಕೆ. ಎರಡರಲ್ಲಿ ಯಾವುದು ಗಟ್ಟಿ ಅಂತ ನೋಡುವುದಕ್ಕಿಂತ ಮುಂಚೆ ನಿಮ್ಮ ಸಸ್ಪೆನ್ಷನ್ನನ್ನು ಅಳೆಯಿರಿ. ರ‍್ಯಾಕಿನ ಅಗಲ ಎಷ್ಟಿರಬೇಕು ಅಂತ ಹೇಳುವುದು ನಿಮ್ಮ ಆರ್ಮ್‌ಗಳು, ಅಂಗಡಿಯವನಲ್ಲ. ಬಗ್ಗಿಯನ್ನು ಎದುರಿನಿಂದ ನೋಡಿ. ಒಂದು ಪಕ್ಕದ ಮೇಲಿನ ಆರ್ಮ್‌ನ ಒಳ ಪಿವಟ್ಟಿನಿಂದ (ಚಾಸಿಗೆ ಕೂರುವ ಕೀಲಿನಿಂದ) ಕೆಳಗಿನ ಆರ್ಮ್‌ನ ಒಳ ಪಿವಟ್ಟಿಗೆ ಒಂದು ದಾರ ಕಟ್ಟಿ. ಹೊರಗಡೆ ಮೇಲಿನ, ಕೆಳಗಿನ ಬಾಲ್ ಜಾಯಿಂಟ್‌ಗಳ ನಡುವೆ ಇನ್ನೊಂದು. ಟೈ ರಾಡಿನ (ರ‍್ಯಾಕಿನಿಂದ ಸ್ಟಿಯರಿಂಗ್ ಆರ್ಮ್‌ಗೆ ಹೋಗುವ ಸರಳಿನ) ಹೊರ ತುದಿ ಹೊರಗಿನ ದಾರದ ಮೇಲಿದ್ದರೆ, ಒಳ ತುದಿ ಒಳಗಿನ ದಾರದ ಮೇಲೆ ಇರಬೇಕು. ಜೊತೆಗೆ ಎರಡು ಆರ್ಮ್‌ಗಳ ಗೆರೆಯನ್ನು ಮುಂದುವರಿಸಿದಾಗ ಅವು ಸೇರುವ ಬಿಂದುವಿನ ಕಡೆಗೇ ಟೈ ರಾಡೂ ಮುಖ ಮಾಡಬೇಕು. ಇಷ್ಟು ಸರಿಯಾದರೆ ಚಕ್ರ ಮೇಲೆ ಕೆಳಗೆ ಆಡುವಾಗ ತಾನಾಗಿ ಎಡಕ್ಕೋ ಬಲಕ್ಕೋ ತಿರುಗುವುದು ಬಹುಮಟ್ಟಿಗೆ ನಿಲ್ಲುತ್ತದೆ. ಇದೇ ಬಂಪ್ ಸ್ಟಿಯರ್. 250 ಮಿ.ಮೀ. ಆಟ ಇರುವ ಗಾಡಿಯಲ್ಲಿ ಇದನ್ನು ಬಿಟ್ಟರೆ ಪ್ರತಿ ಉಬ್ಬಿಗೂ ಸ್ಟಿಯರಿಂಗ್ ಕೈಯಿಂದ ಎಳೆದುಕೊಂಡು ಹೋಗುತ್ತದೆ.

ಕಾರಿನ ರ‍್ಯಾಕ್ ಅಗಲವಾಗಿರುವುದಕ್ಕೂ ಇದೇ ಕಾರಣ. ಅದು ಆ ಕಾರಿನ ಆರ್ಮ್‌ಗಳಿಗೆ ಹೊಂದುವ ಹಾಗೆ ಮಾಡಿದ್ದು. ಎರಡೂ ಪಕ್ಕದ ಒಳಗಿನ ದಾರಗಳ ನಡುವಿನ ಅಳತೆ ಹೇಳಿ, ಮುಂದೆ ಮಾತಾಡೋಣ.

ಉತ್ತರ 2

ಗುಜರಿ ರ‍್ಯಾಕ್ ಅಂದಿದ್ದಕ್ಕೆ ಒಂದು ಮಾತು. ಗೈಟರ್ (ರಬ್ಬರ್ ಮುಸುಕು) ಸರಿಸಿ ಬಾರಿನ ಮೇಲೆ ತುಕ್ಕಿನ ಗುಳಿ ಇದೆಯಾ ನೋಡಿ. ಆಮೇಲೆ ಪಿನಿಯನ್ನನ್ನು (ಬಾರನ್ನು ಓಡಿಸುವ ಹಲ್ಲಿನ ಚಕ್ರವನ್ನು) ಕೈಯಿಂದ ನಿಧಾನಕ್ಕೆ ತಿರುಗಿಸಿ. ಮಧ್ಯದಲ್ಲಿ ಸಡಿಲ, ಎರಡೂ ತುದಿಯಲ್ಲಿ ಬಿಗಿ ಅನ್ನಿಸಿದರೆ ಮಧ್ಯದ ಹಲ್ಲು ಸವೆದಿದೆ ಅಂತ ಅರ್ಥ. ಅಡ್ಜಸ್ಟರ್ ಬಿಗಿ ಮಾಡಿ ಮಧ್ಯವನ್ನು ಸರಿ ಮಾಡಲು ಹೋದರೆ ತುದಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಅಂಥ ರ‍್ಯಾಕ್ ವಾಪಸ್ ಕೊಡುವುದೇ ಒಳ್ಳೆಯದು.

ಪ್ರಶ್ನೆ ಕೇಳಿದವರು

ದಾರ ಕಟ್ಟಿ ಅಳೆದೆ. ಕೆಳಗಿನ ಪಿವಟ್‌ಗಳ ನಡುವೆ 320 ಮಿ.ಮೀ., ಮೇಲಿನವುಗಳ ನಡುವೆ 400. ಮೇಲಕ್ಕೂ ಕೆಳಕ್ಕೂ ಅಂತರ 160. ಟೈ ರಾಡ್ ಕೆಳಗಿನ ಪಿವಟ್‌ಗಿಂತ 40 ಮಿ.ಮೀ. ಎತ್ತರದಲ್ಲಿ ಬರುತ್ತದೆ. ಹೊರ ತುದಿ ಹೊರಗಿನ ದಾರಕ್ಕೆ ತಾಗಿಕೊಂಡೇ ಇದೆ. ಗುಜರಿ ರ‍್ಯಾಕಿನ ಮಧ್ಯ ಸಡಿಲ ಇದೆ, ನೀವು ಹೇಳಿದ ಹಾಗೇ.

ಉತ್ತರ 1

ಹಾಗಾದರೆ ಲೆಕ್ಕ ಸುಲಭ. 160ಕ್ಕೆ 80 ಮಿ.ಮೀ. ಅಗಲವಾಗುತ್ತದೆ, 40ಕ್ಕೆ 20. ಅಂದರೆ ಟೈ ರಾಡಿನ ಎತ್ತರದಲ್ಲಿ ನಿಮಗೆ ಬೇಕಾದ ಅಗಲ 340 ಮಿ.ಮೀ. ಕಾರಿನ ರ‍್ಯಾಕ್ 610, ಅದನ್ನು ಮರೆತುಬಿಡಿ. ಚಿಕ್ಕದು 290, ಪ್ರತಿ ಪಕ್ಕಕ್ಕೆ 25 ಮಿ.ಮೀ. ಉದ್ದ ಮಾಡಿದರೆ ಸರಿಹೋಗುತ್ತದೆ. ಉದ್ದ ಮಾಡುವ ತುಂಡನ್ನು ಒಳ್ಳೆ ಉಕ್ಕಿನ ಸರಳಿನಿಂದ ಲೇತ್‌ನಲ್ಲಿ ತೆಗೆಸಿ, ಥ್ರೆಡ್ಡಿನಿಂದ ಕೂರಿಸಿ, ಲಾಕ್ ನಟ್ ಹಾಕಿ. ಥ್ರೆಡ್ ಒಳಗೆ ಹೋಗುವ ಉದ್ದ ಬೋಲ್ಟಿನ ದಪ್ಪದ ಒಂದೂವರೆ ಪಟ್ಟು ಇರಲಿ. ಇಲ್ಲೂ ಬೆಸುಗೆ ಬೇಡ.

ಓಟ ನೋಡೋಣ. 105 ಅಂದರೆ ಪಕ್ಕಕ್ಕೆ 52.5. ಅದನ್ನು 95ರಿಂದ ಭಾಗಿಸಿದರೆ ಬರುವ 0.55 ತಿರುವಿನ ಸೈನ್, ಅಂದರೆ ಸುಮಾರು 33.5 ಡಿಗ್ರಿ ತಿರುವು ಸಿಗುತ್ತದೆ. ನಿಮಗೆ ಬೇಕಾದ್ದು 32. ಆ ಉಳಿದ ಒಂದೂವರೆ ಡಿಗ್ರಿಯನ್ನು ಹಾಗೇ ಉಳಿಸಿಕೊಳ್ಳಿ. ನಕಲ್‌ಗೆ ಸ್ಟಾಪ್ ಕೊಟ್ಟು 32ಕ್ಕೆ ನಿಲ್ಲಿಸಿ. ಚಕ್ರ ಕಲ್ಲಿಗೆ ಬಡಿದಾಗ ಆ ಏಟನ್ನು ನಕಲ್ ತಿನ್ನಬೇಕು, ರ‍್ಯಾಕಿನ ಒಳಗಿನ ತುದಿ ತಿನ್ನಬಾರದು.

ಒಂದು ವಿಷಯ ಈಗಲೇ ಗೊತ್ತಿರಲಿ. ಚಿಕ್ಕ ರ‍್ಯಾಕ್ ಒಂದು ಸುತ್ತಿಗೆ 70 ಮಿ.ಮೀ. ಓಡುತ್ತದೆ, ಕಾರಿನದು 40. ಅಂದರೆ ಕೈಗೆ 1.75 ಪಟ್ಟು ಭಾರ. ಏಟು ವಾಪಸ್ ಕೈಗೆ ಬರುವುದೂ ಅಷ್ಟೇ ಜಾಸ್ತಿ. ಆದರೆ ಹಿಂದಿನ ಎಂಜಿನ್ ಅಲ್ವಾ, ಮೂತಿ ಹಗುರ. ಒರಟು ನೆಲದಲ್ಲಿ ಬೇಗ ತಿರುಗಿಸಿ ಸರಿಮಾಡಿಕೊಳ್ಳುವುದಕ್ಕೆ ಈ ವೇಗ ಬೇಕೇ ಬೇಕು. ನನಗಂತೂ ನಿಧಾನದ ರ‍್ಯಾಕಿನಲ್ಲಿ ಜಾರುವ ಗಾಡಿಯನ್ನು ಹಿಡಿಯುವುದು ಆಗದ ಮಾತು.

ಪ್ರಶ್ನೆ ಕೇಳಿದವರು

ತುಂಬಾ ಸ್ಪಷ್ಟವಾಯಿತು, ಧನ್ಯವಾದ. ಭಾರ ಜಾಸ್ತಿ ಆದರೆ ಸ್ಟಿಯರಿಂಗ್ ಆರ್ಮ್ 110 ಮಾಡಲಾ? ಮತ್ತೆ ರ‍್ಯಾಕ್ ಆಕ್ಸಲಿನ ಮುಂದೆ ಬರುತ್ತದೆ. ದಿಕ್ಕು ಉಲ್ಟಾ ಆಗಿಬಿಡುತ್ತಾ?

ಉತ್ತರ 3

ದಿಕ್ಕಿನ ಪ್ರಶ್ನೆಗೆ ನಾನು ಹೇಳುತ್ತೇನೆ. ಸ್ಟಿಯರಿಂಗ್ ಆರ್ಮ್ ಮುಂದಕ್ಕೆ ಚಾಚಿದ್ದರೆ ಪಿನಿಯನ್ ರ‍್ಯಾಕಿನ ಹಿಂದೆ, ಅಂದರೆ ಡ್ರೈವರ್ ಕಡೆಗೆ ಇರಬೇಕು. ಆರ್ಮ್ ಹಿಂದಕ್ಕಿದ್ದರೆ ಪಿನಿಯನ್ ಮುಂದೆ. ತಪ್ಪಿದ್ದರೆ ಪಿನಿಯನ್ ಶಾಫ್ಟ್ ಮೇಲ್ಮುಖವಾಗಿಯೇ ಇರುವ ಹಾಗೆ ರ‍್ಯಾಕನ್ನು ಹಿಂದುಮುಂದಾಗಿ ತಿರುಗಿಸಿ ಕೂರಿಸಿ. ಬ್ರಾಕೆಟ್ ಟ್ಯಾಕ್ ಮಾಡುವ ಮುಂಚೆ ಕ್ಲಾಂಪ್ ಹಾಕಿ ಒಮ್ಮೆ ಬಲಕ್ಕೆ ತಿರುಗಿಸಿ ನೋಡಿದರೆ ಸಾಕು.

ಸ್ಟಿಯರಿಂಗ್ ಚಕ್ರದಿಂದ ಪಿನಿಯನ್ನಿಗೆ ಬರುವ ಶಾಫ್ಟಿಗೆ ಎರಡು ಯೂನಿವರ್ಸಲ್ ಜಾಯಿಂಟ್ (ಕೋನದಲ್ಲೂ ತಿರುಗುವ ಕೀಲು) ಹಾಕಿ, ನೇರ ಒಂದೇ ಸರಳು ಬೇಡ. ಮುಂದಿನಿಂದ ಗುದ್ದಿದರೆ ನೇರ ಶಾಫ್ಟ್ ಸೀದಾ ಎದೆಗೆ ಬರುತ್ತದೆ. ಮಧ್ಯದ ಶಾಫ್ಟಿನ ಎರಡೂ ತುದಿಯ ಕವೆಗಳು ಒಂದೇ ಸಮತಲದಲ್ಲಿರಲಿ, ಎರಡೂ ಜಾಯಿಂಟಿನ ಕೋನ ಆದಷ್ಟೂ ಒಂದೇ ಇರಲಿ. ಇಲ್ಲದಿದ್ದರೆ ಒಂದೇ ಸುತ್ತಿನಲ್ಲಿ ಒಮ್ಮೆ ಹಗುರ ಒಮ್ಮೆ ಭಾರ ಆಗುತ್ತದೆ.

ಉತ್ತರ 1

ಆರ್ಮ್ 110 ಮಾಡಿದರೆ ತಿರುವು 28.5 ಡಿಗ್ರಿಗೆ ಇಳಿಯುತ್ತದೆ. ಭಾರ ಕಡಿಮೆಯಾಗುವುದು ಶೇಕಡಾ 14ರಷ್ಟು ಮಾತ್ರ. ಸ್ಟಿಯರಿಂಗ್ ಚಕ್ರವನ್ನು 300 ಮಿ.ಮೀ. ಬದಲು 350 ಹಾಕಿದರೂ ಅಷ್ಟೇ ಲಾಭ, ತಿರುವಿಗೆ ನಷ್ಟವಿಲ್ಲ. ಮೊದಲು ಅದನ್ನೇ ಮಾಡಿ. ಆಮೇಲೂ ಕೈ ಸೋತರೆ ಕಾಲಮ್ಮಿನಲ್ಲಿ ಕೂರುವ ಎಲೆಕ್ಟ್ರಿಕ್ ಪವರ್ ಸ್ಟಿಯರಿಂಗ್ ಇದೆ. ಅದಕ್ಕೆ ರ‍್ಯಾಕ್ ಬದಲಿಸಬೇಕಿಲ್ಲ. ಶಾಫ್ಟಿನ ದಾರಿಯಲ್ಲಿ ಜಾಗ ಬಿಟ್ಟುಕೊಳ್ಳಿ ಅಷ್ಟೇ.

ಬ್ರಾಕೆಟ್ ಪೂರ್ತಿ ಬೆಸುಗೆ ಮಾಡುವ ಮುಂಚೆ ಇದನ್ನು ತಪ್ಪದೆ ಮಾಡಿ. ಸ್ಪ್ರಿಂಗ್ ತೆಗೆದು ಶಾಕ್ ಬಿಚ್ಚಿ. ರ‍್ಯಾಕನ್ನು ನಟ್ಟನಡುವೆ ಅಲುಗದ ಹಾಗೆ ಕಟ್ಟಿ. ಹಬ್‌ಗೆ ಒಂದು ನೇರ ಹಲಗೆ ಬೋಲ್ಟ್ ಮಾಡಿ. ಜ್ಯಾಕಿನಿಂದ 25 ಮಿ.ಮೀ. ಎತ್ತುವುದು, ಚಾಸಿಯ ಮಧ್ಯದ ಗೆರೆಯಿಂದ ಹಲಗೆಯ ಮುಂದಿನ ಅಂಚಿಗೂ ಹಿಂದಿನ ಅಂಚಿಗೂ ಅಳೆಯುವುದು, ಬರೆದುಕೊಳ್ಳುವುದು. ಪೂರ್ತಿ ಕೆಳಗಿನಿಂದ ಪೂರ್ತಿ ಮೇಲಿನವರೆಗೆ ಹೀಗೇ ಹೋಗಿ. ಚಕ್ರ ಮೇಲೆ ಹೋದಾಗ ಒಂದು ಕಡೆ, ಕೆಳಗೆ ಹೋದಾಗ ಇನ್ನೊಂದು ಕಡೆ ತಿರುಗಿದರೆ ರ‍್ಯಾಕಿನ ಎತ್ತರ ತಪ್ಪಿದೆ. ಎರಡರಲ್ಲೂ ಒಂದೇ ಕಡೆ ತಿರುಗಿದರೆ ಟೈ ರಾಡಿನ ಉದ್ದ ತಪ್ಪಿದೆ, ಅಂದರೆ ರ‍್ಯಾಕಿನ ಅಗಲ. ಎತ್ತರಕ್ಕೆ ಶಿಮ್ (ತೆಳು ತಗಡು) ಹಾಕಬಹುದು. ಅಗಲಕ್ಕೆ ನಿಮ್ಮ 25 ಮಿ.ಮೀ. ತುಂಡಿದೆ. ಅದನ್ನು ಮೊದಲ ಸಲ ಮೆತ್ತನೆ ಉಕ್ಕಿನಲ್ಲಿ ಪ್ರಯೋಗಕ್ಕೆ ಮಾತ್ರ ಮಾಡಿಸಿ. ಅಳತೆ ಖಚಿತವಾದ ಮೇಲೆ ಗಟ್ಟಿ ಉಕ್ಕಿನಲ್ಲಿ.

ಬೆಸುಗೆ ಆದ ಮೇಲೆ ಗಾಡಿಯನ್ನು ನೆಲಕ್ಕಿಳಿಸಿ, ಒಬ್ಬರು ಸ್ಟಿಯರಿಂಗ್ ಅತ್ತಿತ್ತ ತಿರುಗಿಸಲಿ, ನೀವು ರ‍್ಯಾಕಿನ ಪಕ್ಕ ಕೂತು ನೋಡಿ. ಹೌಸಿಂಗ್ ಕೂದಲೆಳೆಯಷ್ಟು ಅಲುಗಿದರೂ ಬ್ರಾಕೆಟ್ಟಿಗೆ ಅಡ್ಡಪಟ್ಟಿ ಕೊಡಿ. ಟೈ ರಾಡಿನ ರಾಡ್ ಎಂಡ್‌ಗಳ ಬೋಲ್ಟು ಎರಡೂ ಕಡೆ ಆಧಾರವಿರುವ ಹಾಗೆ ಕೂರಲಿ. ಒಂದೇ ಕಡೆ ನೇತಾಡುವ ಬೋಲ್ಟ್ ಬೇಗ ಬಾಗುತ್ತದೆ. 10.9 ದರ್ಜೆಯದು, ನೈಲಾನ್ ನಟ್ ಜೊತೆ. ಅಳತೆಯ ಪಟ್ಟಿ ಬಂದ ಮೇಲೆ ಇಲ್ಲೇ ಹಾಕಿ, ಶಿಮ್ ಎಷ್ಟು ಅಂತ ಒಟ್ಟಿಗೆ ನೋಡೋಣ.