ಎಲ್ಲರೂ ಒಟ್ಟಿಗೆ ಕೂತು ಕೆಲಸ ಮಾಡಬೇಕಾ? (ಪ್ರಶ್ನೋತ್ತರ)

ಪ್ರಶ್ನೆ:
ಮೇಡಂ, ನಮ್ಮದು ರಟ್ಟಿನ ಡಬ್ಬಿ ತಯಾರಿಸುವ ಘಟಕ. 42 ಜನ ಇದ್ದೇವೆ. ಸೇಲ್ಸ್‌ನವರು ಆರ್ಡರ್ ಹಿಡಿದು ತರುತ್ತಾರೆ, ಡಿಸೈನ್‌ನವರು ನಕ್ಷೆ ಹಾಕುತ್ತಾರೆ. ಆಮೇಲೆ ಪ್ರೊಡಕ್ಷನ್‌ನವರು "ಇದು ನಮ್ಮ ಮಷಿನ್‌ನಲ್ಲಿ ಆಗಲ್ಲ" ಅಂತ ವಾಪಸ್ ಕಳಿಸುತ್ತಾರೆ. ಹೀಗೆ ಎರಡು ಮೂರು ಸಲ ಆಗುವಷ್ಟರಲ್ಲಿ ಗಿರಾಕಿ ಬೇರೆ ಕಡೆ ಹೋಗಿರುತ್ತಾರೆ. ಮಗಳು ಈಗ ವ್ಯವಹಾರಕ್ಕೆ ಸೇರಿದ್ದಾಳೆ. ಕ್ಯಾಬಿನ್ ತೆಗೆಸೋಣ, ಎಲ್ಲ ವಿಭಾಗದವರನ್ನೂ ಸೇರಿಸಿ ತಂಡ ಮಾಡೋಣ, ಒಟ್ಟಿಗೆ ಕೂತು ತೀರ್ಮಾನ ಮಾಡೋಣ ಅಂತಾಳೆ. 19 ವರ್ಷದಿಂದ ನಡೆದು ಬಂದ ಪದ್ಧತಿ. ಬದಲಾಯಿಸಲು ಹೋಗಿ ಇರುವುದೂ ಕೆಟ್ಟರೆ ಅಂತ ಭಯ. ಏನು ಮಾಡಲಿ?

ಉತ್ತರ:
ನಿಮ್ಮ ಭಯಕ್ಕೂ ಕಾರಣ ಇದೆ, ಮಗಳ ಮಾತಿನಲ್ಲೂ ಹುರುಳಿದೆ. ಆದರೆ ಇಡೀ ಘಟಕಕ್ಕೆ ಇದು ಬೇಕಾ ಬೇಡವಾ ಅಂತ ಯೋಚಿಸುತ್ತಾ ಕೂತರೆ ದಾರಿ ಕಾಣುವುದಿಲ್ಲ. ಯಾವ ಕೆಲಸಕ್ಕೆ ಬೇಕು, ಅದನ್ನು ನೋಡಿ.

ಜೇಮ್ಸ್ ಥಾಂಪ್ಸನ್ ಎಂಬ ಸಮಾಜಶಾಸ್ತ್ರಜ್ಞ 1967ರಲ್ಲಿ ಕೆಲಸಗಳನ್ನು ಮೂರು ಬಗೆಯಾಗಿ ವಿಂಗಡಿಸಿದರು. ನಾನು ಈಗಲೂ ಅಲ್ಲಿಂದಲೇ ಶುರು ಮಾಡುತ್ತೇನೆ. ಕೆಲವು ಕಡೆ ಅವರವರ ಪಾಲು ಅವರು ಮಾಡುತ್ತಾರೆ, ಕೊನೆಗೆ ಎಲ್ಲ ಕೂಡಿಸಿದರೆ ಆಯಿತು. ಇಲ್ಲಿ ಒಂದೇ ರೀತಿಯ ನಿಯಮ ಇದ್ದರೆ ಸಾಕು. ಕೆಲವು ಕಡೆ ಒಬ್ಬರು ಮುಗಿಸಿದ ಮೇಲೆ ಇನ್ನೊಬ್ಬರು ಶುರು ಮಾಡುತ್ತಾರೆ. ಇಲ್ಲಿ ಯಾರು ಯಾವಾಗ ಏನು ಕೊಡಬೇಕು ಅನ್ನುವುದು ಪಕ್ಕಾ ಇರಬೇಕು. ಮೂರನೆಯದರಲ್ಲಿ ಕೆಲಸ ಹೋಗುತ್ತದೆ, ಬರುತ್ತದೆ, ಮತ್ತೆ ಹೋಗುತ್ತದೆ. ಒಬ್ಬರು ಮಾಡಿದ್ದು ಇನ್ನೊಬ್ಬರ ಕೆಲಸವನ್ನೇ ಬದಲಾಯಿಸುತ್ತದೆ. ಒಟ್ಟಿಗೆ ಕೂರಲೇಬೇಕಾದದ್ದು ಈ ಮೂರನೆಯದಕ್ಕೆ ಮಾತ್ರ.

ನಿಮ್ಮಲ್ಲಿ ಹೊಸ ಡಬ್ಬಿಯ ಕೊಟೇಶನ್ ಮತ್ತು ಸ್ಯಾಂಪಲ್ ಈ ಮೂರನೇ ಬಗೆ. ಹಳೇ ಗಿರಾಕಿಯ ಹಳೇ ಡಬ್ಬಿ ಮತ್ತೆ ಹೊಡೆಯುವುದು ಎರಡನೇ ಬಗೆ. ಅದಕ್ಕೆ ಮೀಟಿಂಗ್ ಬೇಡ, ಸರಿಯಾದ ಜಾಬ್ ಕಾರ್ಡ್, ಅಂದರೆ ಆ ಆರ್ಡರ್‌ನ ಕೆಲಸದ ವಿವರ ಬರೆದ ಚೀಟಿ, ಸಾಕು. ಅಕೌಂಟ್ಸ್‌ನವರನ್ನಂತೂ ಸುಮ್ನೆ ಅವರ ಪಾಡಿಗೆ ಬಿಟ್ಟುಬಿಡಿ.

ತೀರ್ಮಾನಕ್ಕೆ ಮುಂಚೆ ಒಂದು ಕೆಲಸ ಮಾಡಿ. ಕೈತಪ್ಪಿದ ಅಥವಾ ತಡವಾದ 10 ಆರ್ಡರ್ ತೆಗೆದುಕೊಳ್ಳಿ. ಒಂದೊಂದಕ್ಕೂ ಒಂದೊಂದು ಹಾಳೆ. ಕಾಗದ ಯಾರ ಮೇಜಿಗೆ ಯಾವತ್ತು ಬಂತು, ಯಾವತ್ತು ಹೋಯಿತು, ಮಧ್ಯೆ ನಿಜವಾಗಿ ಎಷ್ಟು ಹೊತ್ತು ಕೆಲಸ ನಡೆಯಿತು, ಬರೆಯಿರಿ. ಒಂದು ಕಡೆ ನಾನು ಹೀಗೆ ಬರೆಯುತ್ತಾ ಹೋದೆ. ಒಂದು ಸ್ಯಾಂಪಲ್‌ಗೆ 11 ದಿನ ಆಗಿತ್ತು, ಕೈಯಾಡಿಸಿದ ಹೊತ್ತು 6 ಗಂಟೆ ಅಷ್ಟೇ. ನಕ್ಷೆಯಲ್ಲಿ ಒಂದು ಮಡಿಕೆ ಗೆರೆಯ ಪಕ್ಕ ಪೆನ್ಸಿಲ್‌ನಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿತ್ತು. ಆ ಹಾಳೆ 4 ದಿನ ಹಾಗೇ ಬಿದ್ದಿತ್ತು. ಡಿಸೈನ್ ಮಾಡುವ ಹುಡುಗಿಯನ್ನು ಕೇಳಿದೆ. "ಸೂಪರ್‌ವೈಸರ್‌ನ ನೇರವಾಗಿ ಕೇಳೋ ಹಾಗಿಲ್ಲ ಮೇಡಂ, ಮ್ಯಾನೇಜರ್ ಮೂಲಕವೇ ಹೋಗಬೇಕು" ಅಂದಳು. ಸೂಪರ್‌ವೈಸರ್ ಇದ್ದದ್ದು ಅದೇ ಕಟ್ಟಡದ ಕೆಳಗಿನ ಮಹಡಿಯಲ್ಲಿ. ಆ ಹಾಳೆ ನೆನೆದರೆ ನನಗೆ ಈಗಲೂ ಸಂಕಟ ಆಗುತ್ತದೆ.

ನಿಮ್ಮ ಹಾಳೆಗಳಲ್ಲೂ ಹೀಗೇ ಕಂಡರೆ ಸೇಲ್ಸ್, ಡಿಸೈನ್, ಪ್ರೊಡಕ್ಷನ್‌ನಿಂದ ಒಬ್ಬೊಬ್ಬರನ್ನು ಸೇರಿಸಿ, ಹೊಸ ಡಬ್ಬಿಗೆ ಮಾತ್ರ, ದಿನಕ್ಕೆ ಅರ್ಧ ಗಂಟೆ ಕೂರಿಸಿ. ತಡ ಆಗುತ್ತಿರುವುದು ಮಷಿನ್ ಖಾಲಿ ಇಲ್ಲದ್ದಕ್ಕೆ ಅಂತ ಗೊತ್ತಾದರೆ ತಂಡ ಕಟ್ಟಿ ಪ್ರಯೋಜನವಿಲ್ಲ.

ಕ್ಯಾಬಿನ್ ಮಾತ್ರ ಈಗಲೇ ಒಡೆಸಬೇಡಿ. ಬರ್ನ್‌ಸ್ಟೈನ್ ಮತ್ತು ಟರ್ಬನ್ ಎಂಬ ಸಂಶೋಧಕರು ತೆರೆದ ಆಫೀಸಿಗೆ ಬದಲಾದ ಎರಡು ಕಂಪನಿಗಳಲ್ಲಿ ಅಳೆದು ನೋಡಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಗೋಡೆ ಹೋದ ಮೇಲೆ ಎದುರುಬದುರು ಮಾತು ಸುಮಾರು ಶೇ. 70ರಷ್ಟು ಕಡಿಮೆಯಾಗಿತ್ತು, ಇಮೇಲ್ ಜಾಸ್ತಿಯಾಗಿತ್ತು. ಎಲ್ಲರ ಕಣ್ಣೆದುರೇ ಕೂತಾಗ ಜನ ತಮ್ಮೊಳಗೆ ಮುದುಡಿಕೊಳ್ಳುತ್ತಾರೆ.

ಪ್ರಶ್ನೆ ಕೇಳಿದವರು:
ಧನ್ಯವಾದ ಮೇಡಂ. ಮೂರೇ ಜನ ಸಾಕಾ? ಎಲ್ಲರನ್ನೂ ಸೇರಿಸದಿದ್ದರೆ ಬೇಜಾರಾಗಲ್ವಾ? ಇನ್ನೊಂದು, ಸೇಲ್ಸ್‌ನವರಿಗೆ ಆರ್ಡರ್ ಮೇಲೆ ಕಮಿಷನ್ ಇದೆ. ಪ್ರೊಡಕ್ಷನ್‌ಗೆ ವೇಸ್ಟೇಜ್ ಕಡಿಮೆ ಮಾಡಿದರೆ ಬೋನಸ್. ಇದರಿಂದ ತೊಂದರೆ ಇದೆಯಾ?

ಉತ್ತರ:
ಮೊದಲು ಎರಡನೆಯದು ಹೇಳುತ್ತೇನೆ, ಯಾಕೆಂದರೆ ನಿಮ್ಮ ಗಂಟು ಇರುವುದೇ ಅಲ್ಲಿ. ಸೇಲ್ಸ್‌ನವರಿಗೆ 'ಆಗುತ್ತೆ' ಅಂದರೆ ದುಡ್ಡು. ಪ್ರೊಡಕ್ಷನ್‌ನವರಿಗೆ 'ಆಗಲ್ಲ' ಅಂದರೆ ದುಡ್ಡು, ಹೊಸ ಡಬ್ಬಿಯಲ್ಲಿ ವೇಸ್ಟೇಜ್ ಜಾಸ್ತಿ ಅಲ್ವಾ? ಇಬ್ಬರೂ ಒಳ್ಳೆಯವರೇ ಇರಬಹುದು. ಒಂದೇ ಮೇಜಿಗೆ ಕೂರಿಸಿದರೂ ಜೇಬು ಎರಡು ಕಡೆ ಎಳೆಯುತ್ತದೆ. ಕಮಿಷನ್ ಪೂರ್ತಿ ತೆಗೆಯಬೇಡಿ, ಜನ ಅದನ್ನು ನಂಬಿ ಮನೆ ನಡೆಸುತ್ತಿರುತ್ತಾರೆ. ಹೊಸ ಡಬ್ಬಿಗಳ ಮಟ್ಟಿಗೆ ಒಂದು ಪಾಲನ್ನು 'ಹೇಳಿದ ದಿನಕ್ಕೆ, ವಾಪಸ್ ಬಾರದೆ ತಲುಪಿದ ಆರ್ಡರ್'ಗೆ ಕಟ್ಟಿ, ಮೂವರಿಗೂ ಕೊಡಿ. ಮೊದಲ ಸ್ಯಾಂಪಲ್‌ನ ವೇಸ್ಟೇಜನ್ನು ಪ್ರೊಡಕ್ಷನ್ ಲೆಕ್ಕಕ್ಕೆ ಹಾಕಬೇಡಿ. ಇದಕ್ಕೆ ನೀವು ತಯಾರಿಲ್ಲ ಅಂದರೆ ತಂಡದ ಮಾತೇ ಬೇಡ. ಖಡಾಖಂಡಿತವಾಗಿ ಹೇಳುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ.

ಇನ್ನು ಸಂಖ್ಯೆ. 5 ಜನ ಇದ್ದರೆ ಇಬ್ಬಿಬ್ಬರ ನಡುವಿನ ನಂಟು 10, 10 ಜನ ಆದರೆ 45. ಅಷ್ಟೂ ಕಡೆ ವಿಷಯ ಮುಟ್ಟಿಸಬೇಕು. ಹಗ್ಗ ಎಳೆಸಿ ನೋಡಿದ ಫ್ರೆಂಚ್ ಎಂಜಿನಿಯರ್ ರಿಂಗಲ್‌ಮನ್ 1913ರಲ್ಲೇ ಬರೆದಿದ್ದರು, ಜನ ಹೆಚ್ಚಿದಂತೆ ಒಬ್ಬೊಬ್ಬರು ಹಾಕುವ ಬಲ ಕಡಿಮೆಯಾಗುತ್ತದೆ ಅಂತ. ಮೂರು ಜನ ಸಾಕು. ಉಳಿದವರಿಗೆ ಯಾಕೆ ಮೂವರೇ ಅಂತ ನೀವೇ ಬಾಯಿಬಿಟ್ಟು ಹೇಳಿ. ಹೇಳದೆ ಹೋದರೆ ಖಂಡಿತ ಬೇಜಾರಾಗುತ್ತಾರೆ.

ಮತ್ತೊಬ್ಬ ಸದಸ್ಯರು:
ನಾವು 9 ಜನರ ಅನುವಾದ ಸಂಸ್ಥೆ. ಒಬ್ಬೊಬ್ಬರಿಗೂ ಬೇರೆ ಗಿರಾಕಿ, ಬೇರೆ ಭಾಷೆ. ನಾವೂ ತಂಡ ಮಾಡಬೇಕಾ?

ಉತ್ತರ:
ಬೇಡ. ನಿಮ್ಮದು ಮೊದಲನೇ ಬಗೆ. ಪದಗಳ ಪಟ್ಟಿಗಳನ್ನು ಎಲ್ಲರ ಕೈಗೆ ಸಿಗುವ ಹಾಗೆ ಒಂದು ಕಡೆ ಇಟ್ಟುಕೊಳ್ಳಿ, ಒಬ್ಬರು ರಜೆ ಹೋದರೆ ಯಾರು ನೋಡಿಕೊಳ್ಳಬೇಕು ಅಂತ ಬರೆದಿಡಿ. ಸಾಕು.

ಪ್ರಶ್ನೆ ಕೇಳಿದವರು:
ಮಗಳಿಗೆ ಓದಿ ಹೇಳಿದೆ. ಹೊಸ ಡಬ್ಬಿಗೆ ಮಾತ್ರ, 6 ವಾರ ನೋಡೋಣ ಅಂತ ಇಬ್ಬರೂ ಒಪ್ಪಿದೆವು. ನಾನೂ ಆ ಅರ್ಧ ಗಂಟೆ ಕೂರಬೇಕಾ?

ಉತ್ತರ:
ಮೊದಲ ವಾರ ಕೂರಿ. ಆದರೆ ನೀವು ಕೊನೆಗೆ ಮಾತಾಡಿ. ಮಾಲೀಕರು ಮೊದಲೇ ಬಾಯಿಬಿಟ್ಟರೆ ಉಳಿದವರು ತಲೆಯಾಡಿಸುತ್ತಾರೆ ಅಷ್ಟೇ. ಮೂವರಲ್ಲಿ ಒಮ್ಮತ ಬಾರದಿದ್ದರೆ ಕೊನೆಯ ಮಾತು ಯಾರದು ಅಂತ ಮೊದಲೇ ಹೆಸರು ಹೇಳಿಬಿಡಿ.

ಶುರುವಿನಲ್ಲಿ ತಪ್ಪುಗಳು ಜಾಸ್ತಿಯಾದ ಹಾಗೆ ಕಾಣಬಹುದು, ಗಾಬರಿಯಾಗಬೇಡಿ. ಏಮಿ ಎಡ್ಮಂಡ್ಸನ್ ಎಂಬ ಸಂಶೋಧಕಿ ಆಸ್ಪತ್ರೆಗಳಲ್ಲಿ ದಾದಿಯರ ತಂಡಗಳನ್ನು ನೋಡಿದಾಗ ಒಳ್ಳೆಯ ತಂಡಗಳಲ್ಲೇ ಔಷಧದ ತಪ್ಪುಗಳ ಸಂಖ್ಯೆ ಹೆಚ್ಚಿತ್ತು. ಹೆದರಿಕೆ ಇಲ್ಲದ ಕಡೆ ಜನ ತಪ್ಪನ್ನು ಮುಚ್ಚಿಡದೆ ಹೇಳುತ್ತಿದ್ದರು, ಅದಕ್ಕೇ ಅಂತ ಆಮೇಲೆ ಅವರಿಗೆ ಹೊಳೆಯಿತು. ನಿಮ್ಮ ಸೂಪರ್‌ವೈಸರ್ "ಈ ಅಳತೆ ನಾನೇ ತಪ್ಪು ಹೇಳಿದ್ದೆ" ಅಂದ ದಿನ ದಯವಿಟ್ಟು ರೇಗಬೇಡಿ.

ಶುರು ಮಾಡುವ ಮುಂಚೆ ಈಗ ಒಂದು ಸ್ಯಾಂಪಲ್‌ಗೆ ಎಷ್ಟು ದಿನ ಹಿಡಿಯುತ್ತಿದೆ ಅಂತ ಬರೆದಿಡಿ. ಎಷ್ಟಕ್ಕಿಂತ ಕಡಿಮೆಯಾದರೆ ಮುಂದುವರಿಸುತ್ತೀರಿ, ಎಲ್ಲಿ ನಿಲ್ಲಿಸುತ್ತೀರಿ ಅನ್ನುವುದನ್ನೂ ಬರೆದು ಇಬ್ಬರೂ ಸಹಿ ಹಾಕಿ. 10 ಹಾಳೆ ತಯಾರಾದ ಮೇಲೆ ಗಿರಾಕಿಗಳ ಹೆಸರು ಮುಚ್ಚಿ ಇಲ್ಲಿ ಹಾಕಿ, ಒಟ್ಟಿಗೆ ನೋಡೋಣ.